ಹದಿನೆಂಟು ತೂತುಗಳ ಅಡ್ವಾನ್ಸ್

ಲೆಫ್ಟೆರಿಸ್ ಮಾವ್ರೋಸ್ ಮಂಡಿಯೂರಿ ಕೂತು ಗೋಡೆಯ ತೂತಿಗೆ ಟಾರ್ಚ್ ಬಿಟ್ಟ.

"ಹದಿನೇಳು," ಎಂದ.

"ಹದಿನೆಂಟು," ಎಂದಳು ಎದೆಲ್ಮಿರಾ ಬೆನ್ಕೋಸ್ಮೆ. "ಕನ್ನಡಿ ಹಿಂದೆ ಒಂದಿದೆ. ಓನರ್ರಿಗೆ ಕಣ್ಣು ಮಂಜಾಗಿದೆ, ಪಾಪ."

ಬಾಡಿಗೆದಾರರ ಸಂಘದ ಯಾರೆಲಿಸ್ ಮೊಂತಿಯಾ ಹಣೆ ಚಚ್ಚಿಕೊಂಡಳು. ವಾಷಿಂಗ್ಟನ್ ಹೈಟ್ಸ್ ಬಡಾವಣೆಯಲ್ಲಿ ಇದುವರೆಗೆ ಹತ್ತೊಂಬತ್ತು ಮಾಲೀಕರಿಂದ ಅಡ್ವಾನ್ಸ್ ಕಕ್ಕಿಸಿದವಳು ಅವಳು. ತನ್ನ ವಿರುದ್ಧ ತಾನೇ ಸಾಕ್ಷಿ ನುಡಿಯುವ ಬಾಡಿಗೆದಾರಳನ್ನು ಕಂಡದ್ದು ಇದೇ ಮೊದಲು.

ಎದೆಲ್ಮಿರಾ ಈ ಎರಡನೆಯ ಮಹಡಿಯ ಮನೆಗೆ ಬಂದು ಮೂವತ್ತೈದು ವರ್ಷ. ಬಾಡಿಗೆ ನಿಯಂತ್ರಣಕ್ಕೆ ಒಳಪಟ್ಟ ಮನೆ. ತಿಂಗಳು ತಿಂಗಳು ಬಾಡಿಗೆ ಕಟ್ಟುತ್ತಿದ್ದರೆ ಸಾಯುವ ತನಕ ಅಲುಗಾಡಿಸುವವರಿಲ್ಲ. ಇಂಥ ಮನೆಯನ್ನು ತಾವಾಗಿ ಬಿಡುವವರು ಈ ಊರಿನಲ್ಲಿ ಹುಚ್ಚರು, ಇಲ್ಲವೇ ಹೆದರಿದವರು. ಎಪ್ಪತ್ತು ದಾಟಿದ ಈ ದರ್ಜಿ ಹೆಂಗಸು ಹುಚ್ಚಿಯಂತೂ ಅಲ್ಲ. ಯಾರೆಲಿಸ್ ಮಾಲೀಕನನ್ನು ದುರುಗುಟ್ಟಿ ನೋಡಿದಳು.

"ಇದೆಲ್ಲ ಮಾಮೂಲಿ ಸವೆತ ಸ್ವಾಮಿ. ಜನ ಬಾಳಿದ ಮನೇಲಿ ಮೊಳೆ ತೂತು ಇಲ್ದೇ ಇರುತ್ತಾ? ಇದಕ್ಕೆ ಒಂದು ಸೆಂಟೂ ಮುರ್ಕೊಳ್ಳೋ ಹಾಗಿಲ್ಲ."

"ಅಡುಗೆಮನೆ ನೋಡಿದ್ರಾ? ಗೋಡೆಗೆಲ್ಲ ಬೆಳ್ಳುಳ್ಳಿ ವಾಸನೆ ಹತ್ತಿದೆ. ಬಣ್ಣ ಹೊಡೆಸ್ಬೇಕು."

"ಭಾನುವಾರ ಬಂತಂದ್ರೆ ಆ ವಾಸನೆ ಹಿಡ್ಕೊಂಡು ಬಂದು ಬಾಗಿಲು ಬಡೀತಿದ್ದೋರು ಯಾರು?" ಎಂದಳು ಎದೆಲ್ಮಿರಾ.

ಮಾವ್ರೋಸ್‌ನ ಕಿವಿ ಕೆಂಪಾಯಿತು. ಯಾರೆಲಿಸ್ ತನ್ನ ಪುಸ್ತಕದಲ್ಲಿ ಬರೆದುಕೊಂಡಳು: ಪ್ರತಿ ಭಾನುವಾರ ಕಿರುಕುಳ.

"ಅದೆಲ್ಲ ಈಗ ಬೇಡ," ಮಾವ್ರೋಸ್ ಸೊಂಟ ಹಿಡಿದುಕೊಂಡು ಎದ್ದ. "ಶನಿವಾರದೊಳಗೆ ಈಕೆ ಖಾಲಿ ಮಾಡ್ಲೇಬೇಕು. ನಲವತ್ತು ಜನ ಬರೋರಿದ್ದಾರೆ."

"ಏನು, ಬೆದರಿಸ್ತೀರಾ?"

"ನಾನಾ? ನನಗೇ ಕೈಕಾಲು ನಡುಗ್ತಿದೆ!"

ಯಾರೆಲಿಸ್ ಬರೆದಳು: ನಲವತ್ತು ಜನ. ಪೊಲೀಸರಿಗೆ ತಿಳಿಸುವುದು.

ಅವಳು ಎದೆಲ್ಮಿರಾಳ ಕೈ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಪಾತ್ರೆಗಳೆಲ್ಲ ಪೆಟ್ಟಿಗೆ ಸೇರಿದ್ದವು. ಒಲೆಯ ಮೇಲೆ ಕಾಫಿ ಪಾತ್ರೆಯೊಂದೇ ಉಳಿದಿತ್ತು.

"ಅಮ್ಮಾ, ನನ್ನ ಹತ್ರ ನಿಜ ಹೇಳಿ. ಇಲ್ಲಿಂದ ಎಲ್ಲಿಗೆ ಹೋಗ್ತೀರಿ?"

"ಮೇಲಕ್ಕೆ. ಈ ವಯಸ್ಸಲ್ಲಿ ಇನ್ನೆಲ್ಲಿಗೆ?"

ಯಾರೆಲಿಸ್ ಅವಳ ಬಾಯಿಗೆ ಕೈ ಅಡ್ಡ ಹಿಡಿದಳು. "ಬಿಡ್ತು ಅನ್ನಿ. ನೀವು ಹೋಗ್ಲೇಬೇಡಿ. ನಿಮ್ಮನ್ನ ಎಬ್ಬಿಸೋಕೆ ಅವರಪ್ಪನ ಕೈಲೂ ಆಗಲ್ಲ."

"ಹೋಗ್ತೀನಿ ಅಂತ ಮಾತು ಕೊಟ್ಟಾಗಿದೆ ಮಗಳೇ. ಆದ್ರೆ ನನ್ನ ಅಡ್ವಾನ್ಸ್ ಬಡ್ಡಿ ಸಮೇತ ಕೈಗೆ ಬರೋ ತನಕ ಈ ಹೊಸ್ತಿಲು ದಾಟಲ್ಲ."

ಗೋಡೆಗೆ ಕಿವಿಯಿಟ್ಟಿದ್ದ ಮಾವ್ರೋಸ್ ಒಳಗೆ ನುಗ್ಗಿದ. "ಈಕೆಗೆ ಯಾಕ್ರೀ ದುಡ್ಡು? ಶನಿವಾರ ಕಳೆದ್ಮೇಲೆ ಈಕೆಗೆ ದುಡ್ಡಿನ ಅಗತ್ಯಾನೇ ಇರಲ್ಲ!"

ಯಾರೆಲಿಸ್‌ಳ ಪೆನ್ನು ನಿಂತುಹೋಯಿತು. ಅವಳು ಮೆಲ್ಲನೆ ಮುದುಕಿಗೂ ಮಾಲೀಕನಿಗೂ ನಡುವೆ ಬಂದು ನಿಂತಳು.

ಎದೆಲ್ಮಿರಾ ಮಾತ್ರ ನಡುಮನೆಗೆ ಹೋದಳು. ಪೆಟ್ಟಿಗೆಯ ಅಂಟು ಪಟ್ಟಿ ಕಿತ್ತು ಪರದೆಯೊಂದನ್ನು ಹೊರತೆಗೆದಳು. ಸ್ಟೂಲು ಹತ್ತಿ ಕಿಟಕಿಗೆ ತೂಗುಹಾಕತೊಡಗಿದಳು.

"ಏನ್ ಮಾಡ್ತಿದ್ದೀಯ?" ಮಾವ್ರೋಸ್‌ನ ದನಿ ಕೀರಲಾಯಿತು.

"ಇಲ್ಲೇ ಇರ್ತೀನಿ. ಒಂದನೇ ತಾರೀಕು ಬಾಡಿಗೆ ತಪ್ಪದೆ ಬರುತ್ತೆ. ಓನರ್ರು ಇನ್ನು ಹೊರಡಬಹುದು."

ಒಂದು ಪರದೆ ಮುಗಿಯಿತು. ಎರಡನೆಯದಕ್ಕೆ ಕೈ ಹಾಕಿದಳು.

ಮಾವ್ರೋಸ್ ಕೋಟಿನ ಒಳಜೇಬಿನಿಂದ ಬ್ಯಾಂಕಿನ ಪುಸ್ತಕವೊಂದನ್ನು ತೆಗೆದು ಯಾರೆಲಿಸ್‌ಳ ಕೈಗೆ ತುರುಕಿದ. ಅವಳು ಅನುಮಾನದಿಂದಲೇ ತೆರೆದಳು. ಎದೆಲ್ಮಿರಾಳ ಹೆಸರಿನಲ್ಲಿ ಪ್ರತ್ಯೇಕ ಖಾತೆ. ಮೊದಲ ಪುಟದಲ್ಲಿ ಒಂದು ತಿಂಗಳ ಬಾಡಿಗೆಯಷ್ಟು ಠೇವಣಿ. ಆಮೇಲೆ ವರ್ಷ ವರ್ಷವೂ ಬಡ್ಡಿ. ಮೂವತ್ತೈದು ವರ್ಷದಲ್ಲಿ ಒಮ್ಮೆಯೂ ಹಣ ತೆಗೆದ ಗುರುತಿಲ್ಲ. ಹತ್ತೊಂಬತ್ತು ಮಾಲೀಕರಲ್ಲಿ ಒಬ್ಬನಾದರೂ ಹೀಗೆ ಇಟ್ಟಿರಲಿಲ್ಲ.

"ಮುಟ್ಟಿಲ್ಲ," ಎಂದ ಮಾವ್ರೋಸ್, ಸ್ಟೂಲಿನ ಕಡೆಗೆ ತಲೆಯೆತ್ತಿ. "ಛಾವಣಿ ಸೋರಿ ಸಾಲ ಮಾಡಿದ ವರ್ಷವೂ ಮುಟ್ಟಿಲ್ಲ. ಆದ್ರೆ ಹದಿನೆಂಟು ತೂತು ಅಂದ್ರೆ..."

ಎದೆಲ್ಮಿರಾ ಮೂರನೆಯ ಪರದೆ ಬಿಡಿಸಿದಳು.

"ಬಿಟ್ಟೆ! ತೂತು ಬಿಟ್ಟೆ. ಬೆಳ್ಳುಳ್ಳೀನೂ ಬಿಟ್ಟೆ. ಇಳಿ, ಬಿದ್ದುಗಿದ್ದೀಯ."

ಅವನು ಕಿಟಕಿಯ ಕಟ್ಟೆಯ ಮೇಲಿಟ್ಟು ಚೆಕ್ ಬರೆದ. ಎದೆಲ್ಮಿರಾ ಅದನ್ನು ಬೆಳಕಿಗೆ ಹಿಡಿದು ಎರಡು ಸಲ ಓದಿದಳು. ಮಡಚಿ ರವಿಕೆಯೊಳಗೆ ಸೇರಿಸಿದಳು. ಆಮೇಲೆ ಯಾಕೋ ಮುಖ ತಿರುಗಿಸಿ ಕಣ್ಣೊರೆಸಿಕೊಂಡಳು.

ಇಪ್ಪತ್ತನೆಯ ಗೆಲುವು. ಯಾರೆಲಿಸ್ ಅವಳನ್ನು ಬಾಚಿ ತಬ್ಬಿದಳು. "ಮುಗೀತಮ್ಮ! ಇನ್ನು ಜನ್ಮದಲ್ಲಿ ಈ ಮನುಷ್ಯನ ಮುಖ ನೋಡೋ ಕರ್ಮ ನಿಮಗಿಲ್ಲ."

ಮಾವ್ರೋಸ್ ಆಗಲೇ ಹೊಲಿಗೆ ಯಂತ್ರವನ್ನು ತಾನೇ ಹೊತ್ತು ಲಿಫ್ಟಿನಲ್ಲಿ ಇಟ್ಟಿದ್ದ. ಒಂದು ಕೈಯಲ್ಲಿ ಬಾಗಿಲು ತಡೆದು ನಿಂತು, ಇನ್ನೊಂದು ಕೈಯಿಂದ ಆರನೆಯ ಮಹಡಿಯ ಗುಂಡಿ ಒತ್ತಿದ. ಆ ಮಹಡಿಯಲ್ಲಿ ಅವನ ಮನೆ ಬಿಟ್ಟರೆ ಬೇರೆ ಮನೆಯೇ ಇರಲಿಲ್ಲ.

"ಮೊದಲನೇ ಗಂಡ ನನ್ನ ಹೊಲಿಗೆ ದುಡ್ಡು ಇಸ್ಕೊಂಡು ಒಂದು ದಿನವೂ ತಿರುಗಿ ಕೊಟ್ಟೋನಲ್ಲ ಮಗಳೇ, ಅದಕ್ಕೇ ಈ ಸಲ ಓನರ್ ಹತ್ರ ಅಡ್ವಾನ್ಸ್ ಬಿಡಿಸ್ಕೊಳ್ದೆ ಯಜಮಾನ್ರೇ ಅಂತ ಕರೆಯೋಕೆ ಮನಸ್ಸು ಬರ್ಲಿಲ್ಲ," ಎಂದಳು ಎದೆಲ್ಮಿರಾ, ಲಿಫ್ಟ್ ಹತ್ತುತ್ತಾ. "ಶನಿವಾರ ಹನ್ನೊಂದಕ್ಕೆ ಚರ್ಚಿಗೆ ಬಾ, ಆ ನಲವತ್ತೂ ಗಂಡಿನ ಕಡೆಯೋರೇ, ಹೆಣ್ಣಿನ ಕಡೆಯೋರು ಅಂತ ಒಬ್ಬರಾದ್ರೂ ಬೇಡ್ವಾ?"