ಹಿಡಿ ಅಕ್ಕಿಯ ಗಂಟು

ಸೂಜಿಗೆ ಬಿಳಿ ದಾರ ಪೋಣಿಸಿ, ಮೊನೆಯನ್ನು ಒಲೆಯ ಉರಿಗೆ ಹಿಡಿದು, ಅಂಬಾ ಆ ಹೆಣ್ಣುಮಗಳ ಹಿಮ್ಮಡಿಯ ನೀರುಗುಳ್ಳೆಯೊಳಗೆ ಮೆಲ್ಲಗೆ ತೂರಿಸಿದಳು. ಇನ್ನೊಂದು ಮಗ್ಗುಲಿನಿಂದ ಸೂಜಿ ಹೊರಬಂತು. ದಾರವನ್ನು ಎರಡೂ ಕಡೆ ಬೆರಳುದ್ದ ಬಿಟ್ಟು ಕತ್ತರಿಸಿದಳು. ನೀರು ದಾರದ ಗುಂಟ ಇಳಿಯತೊಡಗಿತು. ಒಂದಾಯಿತು, ಇನ್ನೂ ಮೂರಿದ್ದವು. ಕಾಲಿನ ಒಡತಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಬೆರಳುಗಳನ್ನು ಆಡಿಸುತ್ತ, ಗಳಿಗೆಗೊಮ್ಮೆ ಬಾಗಿಲಾಚೆಯ ಗುಡ್ಡ ನೋಡುತ್ತಿದ್ದಳು.

ಕಾತ್ರಜ ಘಾಟಿನ ಬುಡದಲ್ಲಿ, ಸಾತಾರಾ ರಸ್ತೆಯ ಅಂಚಿಗೆ, ಅಂಬಾಳ ತಾಯಿ ಗೌರಾಬಾಯಿಯ ರೊಟ್ಟಿ ಖಾನಾವಳಿ. ಲಾರಿಯವರೂ ಬೆಳಗಾವಿ ಬಸ್ಸಿನವರೂ ಉಂಡು ಕೈತೊಳೆದು ಹೋಗುವ ಜಾಗ. ಬೆನ್ನಿಗೆ ಆಳೆತ್ತರದ ಚೀಲ ಹೊತ್ತು ಒಬ್ಬಳೇ ಹೆಂಗಸು ನಡೆದು ಬಂದದ್ದು ಇದೇ ಮೊದಲು. ಹೆಸರು ಅನುಜಾ, ಮೂಲ ಧಾರವಾಡ, ಪುಣೆಯಲ್ಲಿ ನೌಕರಿ. ರಜೆ ಹಾಕಿ, ಉತ್ತರದ ಘಟ್ಟಗಳಿಂದ ಹೊರಟು ಆರು ದಿನದಿಂದ ನಡೆಯುತ್ತಿದ್ದಾಳೆ. ಇಷ್ಟನ್ನೂ ಗೌರಾಬಾಯಿ ಮೊದಲ ರೊಟ್ಟಿ ಬಡಿಯುವುದರೊಳಗೆ ಕೇಳಿ ತಿಳಿದುಕೊಂಡಿದ್ದಳು.

"ಮನ್ಯಾಗ ಹೆಂಗ ಬಿಟ್ರು ತಂಗಿ?"

"ಕೇಳಿದ್ರ ಬಿಡಂಗಿಲ್ಲ ಅಂತ ಗೊತ್ತಿತ್ರಿ. ಹೊಂಟ ಮ್ಯಾಲ ಎಸ್‌ಟಿಡಿ ಬೂತಿನಿಂದ ಹೇಳೀನಿ."

ಗೌರಾಬಾಯಿ ನಕ್ಕಳು. ಆಮೇಲೆ ದನಿ ತಗ್ಗಿಸಿ, ಯಾವ ದೇವರ ಹರಕೆ ಎಂದು ಕೇಳಿದಳು. ಹರಕೆ ಗಿರಕೆ ಏನೂ ಇಲ್ಲ, ನಡೆಯಬೇಕು ಅನ್ನಿಸಿತು, ಹೊರಟೆ ಎಂದಳು ಅನುಜಾ. ಗೌರಾಬಾಯಿ ಹಿಟ್ಟಿನ ಕೈಯಲ್ಲೇ ಕೆನ್ನೆ ಬಡಿದುಕೊಂಡಳು. ಹರಕೆ ಹೊತ್ತವರು ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ, ಹೇಳಿದರೆ ಫಲ ಹೋಗುತ್ತದೆ. ಅದು ತಿಳಿದೂ ತಾನು ಕೇಳಿದ್ದು ತಪ್ಪಾಯಿತು. ಹೀಗೆಂದು ಕ್ಷಮೆ ಬೇಡಿ, ತಟ್ಟೆಗೆ ಇನ್ನೊಂದು ಉಂಡೆ ಬೆಣ್ಣೆ ಹಾಕಿದಳು. ಅನುಜಾ ಇಲ್ಲವೆಂದಷ್ಟೂ ಅವಳ ನಂಬಿಕೆ ಗಟ್ಟಿಯಾಗುತ್ತ ಹೋಯಿತು. ಸುಮ್ಮನೆ ನಡೆಯುವವರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಆಮೇಲೆ ತನ್ನ ಕಥೆ ಹೇಳಿದಳು. ಅಂಬಾಗೆ ಏಳು ವರ್ಷವಿದ್ದಾಗ ಇಪ್ಪತ್ತು ದಿನ ಜ್ವರ ಬಿಡಲಿಲ್ಲ. ಬದುಕಿದರೆ ಪಂಢರಪುರಕ್ಕೆ ನಡೆಸಿಕೊಂಡು ಬರುತ್ತೇನೆ, ಅಲ್ಲಿಯವರೆಗೆ ಈ ಕೂಸು ನಿನ್ನದು, ಬೇರೆಲ್ಲಿಗೂ ಕಳಿಸುವುದಿಲ್ಲ ಎಂದು ವಿಠೋಬನಿಗೆ ಮಾತು ಕೊಟ್ಟಳು. ಮರುವರ್ಷ ಗಂಡ ತೀರಿಹೋದ. ಖಾನಾವಳಿ ಮುಚ್ಚಲಾಗಲಿಲ್ಲ. ಅದಾದ ಮೇಲೆ ಮೊಣಕಾಲು ಕೆಟ್ಟಿತು. ಹೈಸ್ಕೂಲಿಗೆ ಬಸ್ಸು ಹತ್ತಬೇಕಾಗಿದ್ದರಿಂದ ಅಂಬಾಳ ಶಾಲೆ ಏಳನೆಯ ಇಯತ್ತೆಗೇ ನಿಂತಿತು. ಈಗ ಅವಳಿಗೆ ಹತ್ತೊಂಬತ್ತು. ಅವಳ ಕಾಲು ಕಂಡ ಅತಿ ದೂರದ ಜಾಗವೆಂದರೆ ಹಿಟ್ಟಿನ ಗಿರಣಿ. ಪಂಢರಪುರದ ಯಾತ್ರಿಕರ ದಿಂಡಿಗಳು ಹೋಗುವುದು ದಿವೆ ಘಾಟಿನ ಮೇಲೆ, ಈ ರಸ್ತೆಗೆ ಬರುವುದಿಲ್ಲ. ಕಡೆಗೂ ನಡೆಯುವವಳೊಬ್ಬಳು ತಾನಾಗಿ ಬಾಗಿಲಿಗೆ ಬಂದಿದ್ದಳು.

ಗೌರಾಬಾಯಿ ಕುಂಟುತ್ತ ದೇವರ ಗೂಡಿಗೆ ಹೋದಾಗ ಅನುಜಾ ಅಂಬಾಳ ಕಡೆ ಬಾಗಿದಳು.

"ನಾ ಆ ಕಡೆ ಹೊಂಟಿಲ್ಲವ್ವಾ. ನಿಮ್ಮವ್ವಗ ಹೆಂಗ ಹೇಳ್ಲಿ?"

ಅಂಬಾಗೆ ಅದು ಆಗಲೇ ಗೊತ್ತಿತ್ತು. ಬೆಂಚಿನ ಮೇಲೆ ಬಿಡಿಸಿಟ್ಟ ನಕ್ಷೆಯನ್ನು ಓದುವಷ್ಟು ಅಕ್ಷರ ಅವಳಿಗಿತ್ತು. ಕೆಂಪು ಪೆನ್ಸಿಲಿನ ಗೆರೆ ಕಾತ್ರಜದಿಂದ ಸಿಂಹಗಡ, ರಾಜಗಡ, ತೋರಣಾ ಕೋಟೆಗಳನ್ನು ದಾಟಿ ರಾಯಗಡಕ್ಕೆ ಹೋಗುತ್ತಿತ್ತು, ಎಲ್ಲವೂ ಪಶ್ಚಿಮಕ್ಕೆ. ಪಂಢರಪುರ ಆ ಕಾಗದದಲ್ಲೇ ಇರಲಿಲ್ಲ. ಅವಳು ತಲೆ ತಗ್ಗಿಸಿ ನಾಲ್ಕನೆಯ ಗುಳ್ಳೆಗೆ ದಾರ ಪೋಣಿಸಿದಳು.

ಗೌರಾಬಾಯಿ ತಂದದ್ದು ಹರಕೆಗೆಂದು ಕಟ್ಟಿಟ್ಟ ಹಳದಿ ಬಟ್ಟೆಯ ಸಣ್ಣ ಗಂಟು, ಒಳಗೊಂದು ಹಿಡಿ ಅಕ್ಕಿ. ಏಕಾದಶಿಗೊಮ್ಮೆ ಹಳೆಯದನ್ನು ತೆಗೆದು ಹೊಸ ಅಕ್ಕಿ ಕಟ್ಟುತ್ತ ಬಂದವಳು ಅಂಬಾ.

"ನಮ್ಮ ತವರಾಗ ಹಿಂಗ ಮಾಡ್ತಿದ್ರವ್ವಾ. ನಡಿಯಾಕ ಆಗದವರು ನಡಿಯಾವರ ಕೈಯಾಗ ಕೊಟ್ಟು ಕಳಸ್ತಿದ್ರು. ನೀ ಪಂಢರಪುರ ಮುಟ್ಟಾಕ ಹತ್ತು ದಿನ ಹಿಡಿ. ಹನ್ನೊಂದನೇ ದಿನ ಈಕಿನ್ನ ಸ್ವಾರಗೇಟಿನ ಹೊಲಿಗಿ ಕ್ಲಾಸಿಗೆ ಕಳಸ್ತೀನಿ. ಭಾಳ ವರ್ಷ ಆತು ಕೇಳಾಕ ಹತ್ತಿ."

ಗಂಟು ಅನುಜಾಳ ಚೀಲದ ಜೇಬಿಗೆ ಹೋಯಿತು. ಬೂಟಿನ ಲೇಸು ಬಿಗಿದು ಎದ್ದು ನಿಂತಳು. ಬುತ್ತಿಗೆಂದು ಇನ್ನೊಂದು ರೊಟ್ಟಿ ಹಂಚಿನ ಮೇಲೆ ಹಾಕಿ ಬಂದ ಗೌರಾಬಾಯಿ, ಕೆಟ್ಟ ಮೊಣಕಾಲನ್ನು ಕೈಯಿಂದ ಒತ್ತಿ ಹಿಡಿದು ಕೆಳಗೆ ಕೂತು, ಆ ಧೂಳಿನ ಬೂಟುಗಳ ಮೇಲೆ ಹಣೆ ಇಟ್ಟಳು. ನಡೆದು ಬಂದ ಕಾಲು, ನೀನೂ ಮುಟ್ಟು ಎಂದು ಮಗಳನ್ನು ಕರೆದಳು. ಅನುಜಾ ಬೆದರಿ ಅಂಬಾಳನ್ನು ನೋಡಿದಳು.

ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಅಂಬಾಗೆ ಹೊಲಿಗೆ ಯಂತ್ರದ ಸದ್ದು ಆಗಲೇ ಕೇಳಿಸಿತ್ತು. ಅದರ ಹಿಂದೆಯೇ ಯಾವುದೋ ಕೋಟೆಗೋಡೆಯ ಕೆಳಗೆ ಬಿಚ್ಚಿಬಿದ್ದ ಹಳದಿ ಬಟ್ಟೆ, ಅಕ್ಕಿ ಹೊತ್ತೊಯ್ಯುವ ಇರುವೆಸಾಲು, ಹರಕೆ ತೀರಿತೆಂದು ದೀಪ ಹಚ್ಚುವ ಅವ್ವನ ಮುಖ ಕಣ್ಣಿಗೆ ಕಟ್ಟಿದವು.

ಅವಳು ಕಾಲು ಮುಟ್ಟಲಿಲ್ಲ. ಕೈ ಚಾಚಿದಳು.

"ಅವ್ವಾ, ಈ ಅಕ್ಕಾರು ರಾಯಗಡಕ್ಕ ಹೊಂಟಾರ. ಗಂಟು ನನಗ ಕೊಡ್ರಿ ಅಕ್ಕಾರ. ಪಂಢರಪುರಕ್ಕ ನಾನ ನಡೀತೀನಿ."

ಗೌರಾಬಾಯಿಯ ಕೈ ಬೂಟಿನ ಮೇಲೆಯೇ ಉಳಿಯಿತು. ಅನುಜಾ ಗಂಟನ್ನು ಜೇಬಿನಿಂದ ತೆಗೆದಳು, ಯಾರಿಗೆ ಕೊಡಬೇಕೆಂದು ತಿಳಿಯದೆ ತಾಯಿ ಮಗಳ ನಡುವೆ ಹಿಡಿದು ನಿಂತಳು. ಹಂಚಿನ ಮೇಲೆ ರೊಟ್ಟಿ ಸೀದ ವಾಸನೆ ಬಂತು, ಯಾರೂ ಹೋಗಿ ತಿರುವಲಿಲ್ಲ.

"ನನಗ ಕೊಡ್ರಿ," ಎಂದು ಅಂಬಾ ಇನ್ನೊಮ್ಮೆ ಕೇಳಿದಳು.