ಸೂಜಿ ನಿಂತರೆ

ಸೂಜಿ ಇರ್ಫಾನಾಳ ತೋರುಬೆರಳಿಗೆ ಹೊಕ್ಕು ಉಗುರಿನೊಳಗೇ ಮುರಿಯಿತು. ಪಕ್ಕದ ಮಷಿನ್ನಿನ ಸುಂಕಲಮ್ಮ ಹೊಲಿಯುತ್ತಿದ್ದ ಜೀನ್ಸ್ ಕಾಲನ್ನು ಹಾಗೇ ಬಿಟ್ಟು ಹುಡುಗಿಯ ಕೈ ಹಿಡಿದುಕೊಂಡಳು.

ಅಷ್ಟರಲ್ಲೇ ಸುಂಕಲಮ್ಮನ ಫೋನ್ ಬಡಿದುಕೊಂಡಿತು. ಮಾಲೀಕ ಗವಿಸಿದ್ದೇಶ್. ಪಾರ್ವತಿನಗರದ ಮನೆಯಲ್ಲಿ ಕೂತೇ ಈ ಹೊಲಿಗೆ ಯೂನಿಟ್ ನಡೆಸುವ ಆಸಾಮಿ. ಒಂದೊಂದು ಮಷಿನ್ನಿಗೂ ಕರಿ ಡಬ್ಬಿ ಕೂರಿಸಿದ್ದ. ಸೂಜಿ ಓಡಿದರೆ ಅವನ ಮೊಬೈಲಿನಲ್ಲಿ ಹಸಿರು, ನಿಂತರೆ ಕೆಂಪು.

“ಯಾಕಬೇ, ಎರಡು ಮಷಿನ್ ಕೆಂಪಗಾಗ್ಯಾವು?”

“ಇರ್ಫಾನಾನ ಬೆರಳಾಗ ಸೂಜಿ ಮುರದೈತ್ರಿ.”

“ಮುರದ್ರ ಬ್ಯಾರೆ ಸೂಜಿ ಹಾಕ್ಕೊಳಾಕ ಏನ್ ಧಾಡಿ?”

“ಬೆರಳಾಗ್ರಿ ಧಣಿ! ದವಾಖಾನಿಗೆ ಕರ್ಕೊಂಡು ಹೋಗ್ತೀನಿ.”

“ಸಂಜೀಕ ಪ್ಯಾಂಟಿನ ಲಾಟ್ ಹೋಗ್ಬೇಕು. ಬಟ್ಟಿ ಸುತ್ಕೊಂಡು ಹೊಲಿ ಅನ್ನು. ಇನ್ನೊಮ್ಮೆ ಕೆಂಪು ಕಂಡ್ರ ಇಬ್ರೂ ನಾಳಿಂದ ಬರಬ್ಯಾಡ್ರಿ.”

ಫೋನ್ ಕಟ್ಟಾಯಿತು. ಸುಂಕಲಮ್ಮನಿಗೆ ಸಿಟ್ಟು ನೆತ್ತಿಗೇರಿತು. ಸಿರಿಗೇರಿಯಲ್ಲಿ ಅವಳಿಗೆ ಹೊಲಿಗೆ ಕಲಿಸಿದ ಜಿಲಾನಿ ಮೇಸ್ತ್ರಿಯೂ ಬಾಯಿಬಡುಕನೇ. ಆದರೆ ಯಾರ ಮಷಿನ್ನಿನ ಸದ್ದು ನಿಂತರೂ ಮೊದಲು ತಲೆಯೆತ್ತಿ ಅವರ ಮುಖ ನೋಡುತ್ತಿದ್ದ. “ಏನಾತವ್ವ?” ಅನ್ನುತ್ತಿದ್ದ. ಬೈಗುಳ ಏನಿದ್ದರೂ ಆಮೇಲೆ.

“ದೊಡ್ಡವ್ವ, ಕೆಲಸ ಹೋತಂದ್ರ ಅಮ್ಮಿ ನನ್ನ ಕೊಂದ ಬಿಡ್ತಾಳ,” ಇರ್ಫಾನಾ ಬಿಕ್ಕಿದಳು.

“ಸೂಜಿ ಓಡಬೇಕಲ್ಲ ಆ ಮೂಳಗ? ಓಡ್ತಾವ ತಗ.”

ಸುಂಕಲಮ್ಮ ಎರಡೂ ಮಷಿನ್ನಿನಿಂದ ಬಟ್ಟೆ ಎಳೆದು ಬಿಸಾಕಿದಳು. ದಾರ ಬಿಚ್ಚಿ, ಮುರಿದ ಸೂಜಿಯ ಜಾಗಕ್ಕೆ ಬೇರೆಯದು ಸಿಕ್ಕಿಸಿದಳು. ಒಂದು ಪೆಡಲ್ಲಿನ ಮೇಲೆ ಬಾಗಿಲಿಗೆ ಒತ್ತು ಕೊಟ್ಟಿದ್ದ ಕಲ್ಲು, ಇನ್ನೊಂದರ ಮೇಲೆ ಹಳೆಯ ಇದ್ದಿಲ ಇಸ್ತ್ರಿಪೆಟ್ಟಿಗೆ. ಖಾಲಿ ಸೂಜಿಗಳು ದಡದಡ ಗಾಳಿ ಹೊಲಿಯತೊಡಗಿದವು. ಸಾಲಿನ ಹೆಂಗಸರು ಏನೂ ಕಾಣದವರಂತೆ ತಲೆ ತಗ್ಗಿಸಿದರು. ಒಬ್ಬಳಂತೂ ನಗು ತಡೆಯಲಾರದೆ ಸೆರಗು ಬಾಯಿಗೆ ತುರುಕಿಕೊಂಡಳು.

ದವಾಖಾನೆಯಲ್ಲಿ ಡಾಕ್ಟರು ಇಕ್ಕಳ ಕೈಗೆತ್ತಿಕೊಂಡಾಗ ಮತ್ತೆ ಫೋನ್.

“ಭಲೇ ಸುಂಕಲಮ್ಮ! ನಿಮ್ಮವು ಎರಡೂ ಮಷಿನ್ ಒಂದು ಗಳಿಗಿನೂ ನಿಂತಿಲ್ಲ. ಇಡೀ ಯೂನಿಟ್ಟಿಗೆ ನೀವ ಮುಂದ. ಬೈದ್ರನ ನಿಮಗ ಬುದ್ಧಿ ಬರೋದು ನೋಡು.”

ಇಕ್ಕಳ ಉಗುರಿನೊಳಗೆ ಇಳಿಯುತ್ತಿತ್ತು.

“ಇದು ನಿಮ್ಮ ಡಬ್ಬ್ಯಾಗ ಬರಂಗಿಲ್ರಿ ಧಣಿ. ಕೇಳ್ರಿ,” ಅಂದವಳೇ ಸುಂಕಲಮ್ಮ ಫೋನನ್ನು ಚೀರಲು ತೆರೆದಿದ್ದ ಇರ್ಫಾನಾಳ ಬಾಯಿಯ ಹತ್ತಿರ ಹಿಡಿದಳು.