ಯಾರೂ ಓಗೊಡದ ಮನೆ

ಒಬ್ಬರೇ ಇದ್ದರೆ ಸ್ವಲ್ಪ ಧೈರ್ಯ ತಂದುಕೊಂಡು ಓದಿ... ಆದರೆ ನಡುವೆ ನಿಲ್ಲಿಸಬೇಡಿ.

ನೀಲಗಂಗಾ ಬೀದರಿನ ಯುವ ವಕೀಲೆ. ಕಪ್ಪು ಕೋಟು ಹಾಕಿ ಎರಡು ವರ್ಷವಾಗಿತ್ತು.

ಕೋರ್ಟಿನಲ್ಲಿ ಅವಳು ಆಡುತ್ತಿದ್ದ ಮಾತು ಒಂದೇ... "ನಮ್ಮ ಸೀನಿಯರ್ ಬಂದಿಲ್ಲ ಸ್ವಾಮಿ, ಮುಂದಿನ ದಿನಾಂಕ ಕೊಡಿ."

"ಹಿಂಗೇ ಇದ್ರ ದಿನಾಂಕ ಕೇಳೋದ್ರಾಗೇ ಮುದುಕಿ ಆಗ್ತೀ ನೋಡು," ಎಂದು ಸೀನಿಯರ್ ಒಂದು ದಿನ ಗದರಿದರು. "ಉಚಿತ ಕಾನೂನು ನೆರವಿನ ತರಬೇತಿಗಿ ಹೆಸರು ಕೊಡು. ಹಳ್ಳಿ ತಿರುಗು. ಮಂದಿ ಮುಂದ ಬಾಯಿ ಬರ್ತದ."

ಒಲ್ಲದ ಮನಸ್ಸಿನಿಂದಲೇ ಹೆಸರು ಕೊಟ್ಟಳು. ತರಬೇತಿ ಮುಗಿಯಿತು. ಮೊದಲ ಶಿಬಿರಕ್ಕೆ ಗಡಿಯ ಹತ್ತಿರದ ಒಂದು ಹಳ್ಳಿಗೆ ಹೋದಳು.

ಶಾಲೆಯ ಅಂಗಳದಲ್ಲಿ ಶಾಮಿಯಾನ, ಮೈಕು. ಜೊತೆಗೆ ಅದೇ ಊರಿನ ಸ್ವಯಂಸೇವಕಿ ರತ್ನಾಬಾಯಿ, ಬಂದೋಬಸ್ತಿಗೆ ಒಬ್ಬ ಮಹಿಳಾ ಕಾನ್‌ಸ್ಟೆಬಲ್.

ಸುಡುವ ಮಧ್ಯಾಹ್ನ... ರತ್ನಾಬಾಯಿ ಮೈಕಿನಲ್ಲಿ ಹೇಳಿದಳು, "ಈಗ ವಕೀಲರು ನೀಲಗಂಗಾ ಮೇಡಂ ಮಾತಾಡ್ತಾರ."

ಅವಳು ಎದ್ದು ನಿಂತಳು ಅಷ್ಟೇ... ಊರ ಹೊರಗಿನಿಂದ ಒಂದು ಹೆಣ್ಣುದನಿ ತೇಲಿ ಬಂತು.

"ನೀಲಗಂಗಾ... ಏ ನೀಲಗಂಗಾ..."

ಅವಳ ಮೈ ಜುಮ್ಮೆಂದಿತು. ಈ ಊರಿನಲ್ಲಿ ಅವಳ ಪರಿಚಯದವರು ಯಾರೂ ಇರಲಿಲ್ಲ.

ಎದುರಿಗೆ ಕೂತವರೆಲ್ಲ ತಲೆ ತಗ್ಗಿಸಿದರು. ಒಬ್ಬ ತಾಯಿ ಮಗುವಿನ ಕಿವಿ ಮುಚ್ಚಿದಳು.

ರತ್ನಾಬಾಯಿ ಅವಳ ಕೈ ಬಿಗಿಯಾಗಿ ಹಿಡಿದಳು. "ಓ ಅನಬ್ಯಾಡ್ರಿ ಮೇಡಂ! ಓ ಅಂದವರು ಉಳಿಯಂಗಿಲ್ಲ."

"ಯಾರದು?"

"ಚಂದ್ರಭಾಗಾ ಅಂತ... ಗಂಡ ಸತ್ತಮ್ಯಾಲೆ ಅಕಿಗಿ ಗಾಳಿ ಹಿಡೀತ್ರಿ. ಅಕಿ ಎಂದೋ ಸತ್ತಾಳ. ಈಗ ಊರ ಹೊರಗ ಬೀಗ ಹಾಕಿದ ಆ ಮನ್ಯಾಗ ಇರೋದು ಅಕಿ ಅಲ್ಲ. ಯಾರ ಹೆಸರು ಕಿವಿಗಿ ಬೀಳ್ತದ, ಅವರನ್ನ ಕರೀತದ."

"ಮನೆಗೆ ಬೀಗ ಹಾಕಿದ್ಯಾರು?"

"ಅಕಿ ಮೈದುನ. ಊರಿಗಿ ಕೇಡಾಗಬಾರದು ಅಂತ. ದಿನಾ ಸಂಜಿಗಿ ಕಿಟಕ್ಯಾಗಿಂದ ರೊಟ್ಟಿ ಒಗದು ಬರ್ತಾನ."

ನೀಲಗಂಗಾ ಅವಳ ಮುಖವನ್ನೇ ನೋಡಿದಳು. "ಸತ್ತವರಿಗೆ ಹಸಿವಾಗ್ತದೇನು, ರತ್ನಕ್ಕಾ?"

ರತ್ನಾಬಾಯಿ ಹಿಡಿದಿದ್ದ ಕೈ ಬಿಟ್ಟಳು.

ಹೆದರಿಕೆ ನೀಲಗಂಗಾಗೂ ಇತ್ತು. ಆದರೂ ಚಪ್ಪಲಿ ಮೆಟ್ಟಿ ಹೊರಟಳು... ಕಾನ್‌ಸ್ಟೆಬಲ್ ಹಿಂದೆ ಬಂದಳು. ರತ್ನಾಬಾಯಿ ಬೇವಿನ ಮರದವರೆಗೆ ಬಂದು ನಿಂತುಬಿಟ್ಟಳು.

ಕೆಂಪು ಕಲ್ಲಿನ ಗೋಡೆ. ದಪ್ಪ ಬಾಗಿಲು. ಹೊಸ್ತಿಲಿಗೆಲ್ಲ ಲಿಂಬೆಹಣ್ಣು, ಮೊಳೆ, ಒಣಗಿದ ಕುಂಕುಮ... ಒಂದು ಹಕ್ಕಿಯ ಸದ್ದೂ ಇಲ್ಲ.

ಬಾಗಿಲ ಹಿಂದೆಯೇ, ತೀರಾ ಹತ್ತಿರದಿಂದ, "ನೀಲಗಂಗಾ..."

ಅವಳು ಕಣ್ಣು ಮುಚ್ಚಿ ಉಸಿರೆಳೆದಳು.

"ಓ... ಬಂದೀನಿ. ಇಲ್ಲೇ ನಿಂತೀನಿ."

ದನಿ ಥಟ್ಟನೆ ನಿಂತಿತು.

ಆಮೇಲೆ ಬಾಗಿಲ ಕೆಳಗಿನ ಸಂದಿಯಿಂದ ಬೆರಳುಗಳು ಮೆಲ್ಲಗೆ ಹೊರಬಂದವು... ಉದ್ದುದ್ದ ಉಗುರು, ಮೇಲೆಲ್ಲ ಮಣ್ಣು. ಕಾನ್‌ಸ್ಟೆಬಲ್ ಚೀರಿ ಹಿಂದೆ ಸರಿದಳು.

"ಯವ್ವಾ... ನನ್ನ ದನಿ ನಿನಗ ಖರೇನೇ ಕೇಳಸ್ತದೇನು?"

"ಕೇಳಸ್ತದ."

"ಹಂಗಾರ... ನಾ ಸತ್ತಿಲ್ಲೇನು?"

ನೀಲಗಂಗಾ ಅಲ್ಲೇ ಮಣ್ಣಿನಲ್ಲಿ ಕುಸಿದು ಕೂತು ಆ ಬೆರಳುಗಳನ್ನು ಹಿಡಿದುಕೊಂಡಳು. ಬೆಚ್ಚಗಿದ್ದವು...

"ಇಲ್ಲವ್ವಾ, ನೀವು ಸತ್ತಿಲ್ಲ."

ಒಳಗಿನಿಂದ ಅಳು ಒಡೆಯಿತು. "ದಿನಾ ಎಲ್ಲರ್ನೂ ಕರದೆ. ಯಾರೂ ಓ ಅನಲಿಲ್ಲ. ಕರದು ಕರದು ನನಗೂ ಅದೇ ಖರೇ ಅನಸ್ತು... ನಾ ಸತ್ತೇ ಹೋಗೀನಿ ಅಂತ."

ನೀಲಗಂಗಾ, ತನಗೆ ತರಬೇತಿ ಕೊಟ್ಟಿದ್ದ ಕಾನೂನು ಸೇವಾ ಪ್ರಾಧಿಕಾರದ ನ್ಯಾಯಾಧೀಶರಿಗೆ ಫೋನ್ ಮಾಡಿದಳು. ಬಿಸಿಲು ಇಳಿಯುವಷ್ಟರಲ್ಲಿ ಪೊಲೀಸರು ಬಂದು ಬೀಗ ಒಡೆದರು. ಗಂಡನ ಪಾಲಿನ ಹೊಲ ಕೇಳಿದ್ದೇ ಚಂದ್ರಭಾಗಾ ಮಾಡಿದ ತಪ್ಪು. ಗಾಳಿಯ ಕಥೆ ಕಟ್ಟಿದವನು ಮೈದುನನೇ.

ಆದರೆ ಕೋರ್ಟಿನಲ್ಲಿ ಅವನು ಕೈಮುಗಿದು ಹೇಳಿದ, "ಅತ್ತಿಗಿಗಿ ಹುಚ್ಚು ಸ್ವಾಮಿ. ಅಕಿ ಒಳ್ಳೇದಕ್ಕೇ ಇಟ್ಟಿದ್ವಿ. ಬೇಕಾದ್ರ ಊರವರನ್ನ ಕೇಳ್ರಿ."

ಊರವರು ಒಬ್ಬರೂ ಸಾಕ್ಷಿ ಹೇಳಲು ಮುಂದೆ ಬರಲಿಲ್ಲ... ಚಂದ್ರಭಾಗಾ ತಲೆ ತಗ್ಗಿಸಿ ಕೂತಿದ್ದಳು. ಇನ್ನೊಂದು ಬೀಗ ಬೀಳುವ ಸದ್ದು ಅವಳಿಗೆ ಆಗಲೇ ಕೇಳಿಸುತ್ತಿತ್ತೇನೋ.

ನೀಲಗಂಗಾ ಎದ್ದಳು. ಈ ಸಲ ಅವಳು ಮುಂದಿನ ದಿನಾಂಕ ಕೇಳಲಿಲ್ಲ. ಚಂದ್ರಭಾಗಾಳನ್ನು ಪರೀಕ್ಷಿಸಿದ ಡಾಕ್ಟರು 'ಬುದ್ಧಿ ಸ್ಥಿರವಾಗಿದೆ' ಎಂದು ಬರೆದುಕೊಟ್ಟಿದ್ದನ್ನು ತೋರಿಸಿದಳು. ಆ ಬಾಗಿಲ ಸಂದಿಯಲ್ಲಿ ತಾನು ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದಳು.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಎದ್ದಳು... ರತ್ನಾಬಾಯಿ.

"ನಾ ಹೇಳ್ತೀನ್ರಿ ಸಾಕ್ಷಿ. ಅಕಿಗಿ ಹುಚ್ಚೂ ಇಲ್ಲ, ದೆವ್ವಾನೂ ಇಲ್ಲ. ಹೊಲ ಕೇಳ್ಯಾಳ, ಅದಕ್ಕ ಕೂಡಿಹಾಕ್ಯಾರ. ಇದು ಎಲ್ಲರಿಗೂ ಗೊತ್ತದ. ಅಕಿ ನನ್ನ ಹೆಸರು ಹಿಡದೂ ಕರೀತಿದ್ದಳ್ರಿ... ಅಕಿ ದನಿ ಕೇಳಬಾರದಂತ ನಾ ಜೋರಾಗಿ ರೊಟ್ಟಿ ಬಡೀತಿದ್ದೆ."

ಅಷ್ಟು ಹೇಳಿ ಬಿಕ್ಕಿ ಬಿಕ್ಕಿ ಅತ್ತಳು.

ಚಂದ್ರಭಾಗಾ ಮೆಲ್ಲಗೆ ಎದ್ದು ಹೋಗಿ ತನ್ನ ಸೆರಗಿನಿಂದ ಅವಳ ಕಣ್ಣೊರೆಸಿದಳು. ಕೋರ್ಟಿನಲ್ಲಿ ಯಾರೂ ತಡೆಯಲಿಲ್ಲ...

ಚಂದ್ರಭಾಗಾಳಿಗೆ ರಕ್ಷಣೆಯ ಆದೇಶ ಸಿಕ್ಕಿತು. ಹೊಲದ ದಾವೆ ಇನ್ನೂ ನಡೆಯುತ್ತಿದೆ. ಅವಳೀಗ ಬೀದರಿನ ಒಂದು ರೊಟ್ಟಿ ಕೇಂದ್ರದಲ್ಲಿ ದುಡಿಯುತ್ತಾಳೆ, ಜೊತೆಯವರೊಂದಿಗೆ ಜಗಳ ಆಡುವಷ್ಟು ಗಟ್ಟಿಯಾಗಿದ್ದಾಳೆ!

ನೀಲಗಂಗಾ ಈಗಲೂ ತಿಂಗಳು ತಿಂಗಳು ಶಿಬಿರಕ್ಕೆ ಹೋಗುತ್ತಾಳೆ. ಹೊಸದಾಗಿ ವಕೀಲಿಕೆಗೆ ಬಂದ ಹುಡುಗ ಹುಡುಗಿಯರನ್ನೂ ಕರೆದೊಯ್ಯುತ್ತಾಳೆ. ಯಾವ ಊರಿಗೆ ಹೋದರೂ ಮೈಕು ಹಿಡಿಯುವ ಮೊದಲು ಅವಳು ಕೇಳುವುದು, "ನಿಮ್ಮೂರಾಗ ಮಂದಿ ಹೋಗಲಾರದ ಮನಿ ಯಾವುದ್ರಿ?"

*ಕಲಿತ ವಿದ್ಯೆ ದೊಡ್ಡದಾಗುವುದು, ಯಾರೂ ತಟ್ಟದ ಬಾಗಿಲನ್ನು ತಟ್ಟಿದಾಗ.*

ನಿಮ್ಮ ಓಣಿಯಲ್ಲೂ ಯಾರೋ ಕರೆಯುತ್ತಿರಬಹುದು... ನೀವು ಯಾವ ಸದ್ದು ಮಾಡಿ ಆ ದನಿಯನ್ನು ಮುಚ್ಚುತ್ತಿದ್ದೀರಿ?